ಗುರ್ಲಹೊಸೂರಿನ ಹುಡುಗ ಮತ್ತು ತಿರುಗೋ ಬಲ: ನಮ್ಮ ಭಾಗದ ಒಂದು ಇತಿಹಾಸ

1/9
ಮೊದಲ ಒಂದು ತಪ್ಪು ಒಪ್ಕೋತೀನಿ. ಹೋದ ವಾರ ತಂಗಿ ಪಿಯುಸಿ ಫಿಸಿಕ್ಸ್ ಪುಸ್ತಕ ಹಿಡ್ಕೊಂಡು ಬಂದು, "ಅಣ್ಣಾ, ಟಾರ್ಕ್ ಅಂದ್ರ ಏನೋ?" ಅಂತ ಕೇಳಿದಳು. ನಾನು ಮೊಬೈಲ್ ನೋಡ್ತಾ ಕೂತಿದ್ದೆ. ತಲಿ ಎತ್ತದನ ಹೇಳಿದೆ: "ಅದು ನಮ್ಮಂಥವರ ತಲಿಗಿ ಹತ್ತೂದಲ್ಲ, ಫಾರ್ಮುಲಾ ಬಾಯಿಪಾಠ ಮಾಡು, ಮುಗೀತು." ಆಕಿ ಏನೂ ಅನ್ಲಿಲ್ಲ, ಪುಸ್ತಕ ಮುಚ್ಚಿ ಒಳಗ ಹೋದಳು. ಮರುದಿನ ಅವ್ವನ ಮುಂದ ಹೇಳಿದ್ಳಂತ, "ನಾನೂ ಅಣ್ಣನ ಗತೆ ಕಾಮರ್ಸ್‌ಗೇ ಹೋಗ್ತೀನಿ."

ಕಾಮರ್ಸ್ ಕೆಟ್ಟದ್ದು ಅಂತ ಅಲ್ರಿ. ನಾನು ಬಿಕಾಂ ಓದ್ತೀನಿ, ಖುಷಿಯಾಗೇ ಓದ್ತೀನಿ. ಆದ್ರ ನಾನು ಖುಷಿಯಿಂದ ಇಲ್ಲಿಗೆ ಬಂದವನಲ್ಲ. ಪಿಯುಸಿ ಸೈನ್ಸ್‌ನಾಗ ಫಿಸಿಕ್ಸ್ ನಪಾಸಾಗಿ, ಸಪ್ಲಿಮೆಂಟರಿ ಬರದು, ಹೆದರಿ ಬಂದವನು. ನನ್ನ ಹೆದರಿಕಿ ಆಕಿಗಿ ದಾಟಿಸಿಬಿಟ್ನಲ್ಲ ಅನ್ನೋದು ಆವತ್ತಿನಿಂದ ಕೊರೀಲಿಕ್ಕೆ ಹತ್ತೈತಿ.

ಅದಕ್ಕ ಈ ಸರಣಿ. ಒಂಬತ್ತು ಪೋಸ್ಟ್. ಟಾರ್ಕ್ ಬಗ್ಗೆ, ಅಂದ್ರ ತಿರುಗಿಸೋ ಬಲದ ಬಗ್ಗೆ. ಪುಸ್ತಕದಾಗಿಂದು ಅಲ್ಲ, ನಮ್ಮ ಬೈಲಹೊಂಗಲ, ಕಿತ್ತೂರ, ಸವದತ್ತಿ, ರಾಮದುರ್ಗದ ಮಣ್ಣಾಗಿಂದು. ನಮ್ಮ ಭಾಗದ ಪೇಜ್‌ಗಳಲ್ಲಿ ಚೆನ್ನಮ್ಮ, ರಾಯಣ್ಣ ದಿನಾ ಬರ್ತಾರ, ಬರಬೇಕು ಕೂಡ. ಆದ್ರ ಕೈಯಾಗ ಪಾನಾ ಹಿಡಿದ ಒಬ್ಬ ಮನುಷ್ಯ ಇದೇ ಮಣ್ಣಾಗ ಹುಟ್ಟಿದ್ದ, ಆತನ ರೀಲ್ ನಾನಂತೂ ಇವತ್ತಿನತನಕ ನೋಡಿಲ್ಲ.

ಫೋಟೋದಾಗ ಇರೋದು ನಮ್ಮ ಹಿತ್ತಲದಾಗ ಬಿದ್ದಿರೋ ಕಬ್ಬಿಣದ ರಂಟಿ. ಅದರ ಕಥಿ ಕಡಿಗಿ ಹೇಳ್ತೀನಿ.

2/9
ಹೋದ ಕಬ್ಬಿನ ಸೀಸನ್. ಕಾಕಾನ ಟ್ರ್ಯಾಕ್ಟರ್, ಹಿಂದ ಎರಡು ಟ್ರಾಲಿ ತುಂಬ ಕಬ್ಬು, ರಾತ್ರಿ ಹನ್ನೊಂದರ ಸುಮಾರು. ಯರಗಟ್ಟಿ ರೋಡಿನ್ಯಾಗ ಟ್ರಾಲಿ ಪಂಕ್ಚರ್. ಜ್ಯಾಕ್ ಹಚ್ಚಿದಿವಿ, ಪಾನಾ ಹಾಕಿದಿವಿ, ನಟ್ ಅಲಗಾಡ್ಲಿಲ್ಲ. ನಾನು ಪಾನಾದ ಮ್ಯಾಲ ಹತ್ತಿ ನಿಂತೆ. ಆದ್ರೂ ಇಲ್ಲ. ಹಿಂದ ಬಂದ ಇನ್ನೊಂದು ಟ್ರ್ಯಾಕ್ಟರಿನ ಡ್ರೈವರ್, ವಯಸ್ಸಾದ ಮನುಷ್ಯ, ಇಳದ ಬಂದು ಏನೂ ಮಾತಾಡ್ಲಿಲ್ಲ. ತನ್ನ ಟ್ರಾಲಿಯಾಗಿನ ಒಂದು ಪೈಪ್ ತಂದು ಪಾನಾದ ಹಿಡಿಕಿಗಿ ಸಿಗಿಸಿದ, ಪೈಪಿನ ತುದೀ ಹಿಡದು ಒತ್ತಿದ. ಕಟ್ ಅಂತ ಸಪ್ಪಳ. ನಟ್ ಸಡ್ಲ.

ಟಾರ್ಕ್ ಅಂದ್ರ ಇಷ್ಟ. ಎಷ್ಟು ಜೋರ್ ಹಾಕ್ತೀರಿ ಅನ್ನೋದು ಅರ್ಧ ಲೆಕ್ಕ. ತಿರುಗೋ ನಡುಬಿಂದುವಿನಿಂದ ಎಷ್ಟು ದೂರ ನಿಂತು ಹಾಕ್ತೀರಿ ಅನ್ನೋದು ಉಳಿದರ್ಧ. ಎರಡನ್ನೂ ಗುಣಿಸಿದ್ರ ಟಾರ್ಕ್. ಒಂದು ಫೂಟಿನ ಪಾನಾದ ತುದಿಗಿ 30 ಕೆಜಿ ಭಾರ ಹಾಕಿದ್ರ 30. ಮೂರು ಫೂಟಿನ ಪೈಪಿನ ತುದಿಗಿ ಅದೇ 30 ಕೆಜಿ ಹಾಕಿದ್ರ 90. ಮನುಷ್ಯ ಅವನೇ, ಊಟ ಅದೇ, ನಟ್ಟಿಗಿ ಹತ್ತೋದು ಮೂರು ಪಟ್ಟು.

ಇನ್ನೊಂದು ಮಾತು. ಪೈಪಿಗೆ ಅಡ್ಡ ಒತ್ತಬೇಕು, ನೆಟ್ಟಗ. ಪೈಪಿನ ಉದ್ದಕ್ಕೂ ಎಳದ್ರ ಭೀಮಸೇನ ಬಂದ್ರೂ ನಟ್ ತಿರುಗೂದಿಲ್ಲ. ಪುಸ್ತಕದಾಗ ಸೈನ್ ಥೀಟಾ ಅಂತ ಬರತೈತಲ್ಲ, ನನ್ನನ್ನ ನಪಾಸ್ ಮಾಡಿದ್ದು, ಅದು ಇದನ್ನ ಹೇಳ್ತಿತ್ತು. ರಾತ್ರಿ ಹನ್ನೊಂದಕ್ಕ, ರೋಡಿನ ಬಾಜೂಕ, ಕೈತುಂಬ ಗ್ರೀಸ್ ಮಾಡ್ಕೊಂಡು ನನಗ ಸೈನ್ ಥೀಟಾ ತಿಳೀತು. ಎರಡು ವರ್ಷ ತಡ.

"ಟಾರ್ಕ್" ಅನ್ನೋ ಶಬ್ದ ಹಳೇದಲ್ಲ. ತಿರುಚೋದು ಅನ್ನೋ ಅರ್ಥದ ಲ್ಯಾಟಿನ್ ಮಾತಿನಿಂದ 1884ರಲ್ಲಿ ಜೇಮ್ಸ್ ಥಾಮ್ಸನ್ ಅನ್ನೋ ಎಂಜಿನಿಯರ್ ಇದನ್ನ ಬಳಕೆಗೆ ತಂದರು. ನಮಗೆಲ್ಲ ಗೊತ್ತಿರೋ ಲಾರ್ಡ್ ಕೆಲ್ವಿನ್ ಇವರ ತಮ್ಮ. 1884 ನೆನಪಿಟ್ಕೊಳ್ರಿ. ಆ ಹೊತ್ತಿಗಿ ನಮ್ಮ ಕಥಿಯ ಹುಡುಗನಿಗೆ 15 ವರ್ಷ.

3/9
ಶಬ್ದ ಹೊಸದು, ಕೆಲಸ ಹಳೇದು. ನಮ್ಮ ಆಯಿ ಬೀಸೋ ಕಲ್ಲು ಇನ್ನೂ ಮನ್ಯಾಗ ಐತಿ. ಗೂಟ ಎಲ್ಲಿ ಬಡದಾರ ನೋಡ್ರಿ, ಕಲ್ಲಿನ ಅಂಚಿಗೆ. ನಡುವಿನ ಹತ್ತಿರ ಬಡದಿದ್ರ ಕೈ ಕಡಿಮಿ ದೂರ ಸುತ್ತುತ್ತಿತ್ತು ಖರೆ, ಆದ್ರ ಒಂದು ಸೇರು ಜ್ವಾಳ ಬೀಸೋದ್ರಾಗ ತೋಳು ಕಳಚಿ ಬೀಳ್ತಿತ್ತು. ಆ ಗೂಟದ ಜಾಗ ಗೊತ್ತು ಮಾಡಿದವರು ಯಾರು ಅಂತ ಯಾವ ಪುಸ್ತಕದಾಗೂ ಇಲ್ಲ.

ರಾಮದುರ್ಗದ ಕಡೆ ನೇಕಾರರ ಮನೀಗೆ ಹೋದವರು ಕಂಡಿಕಿ ಸುತ್ತೋ ರಾಟಿ ನೋಡೀರಿ. ದೊಡ್ಡ ಗಾಲಿ ಒಂದು ಸುತ್ತು ತಿರುಗಿದ್ರ ಸಣ್ಣ ಕದರು ಹತ್ತಾರು ಸುತ್ತು ತಿರುಗತೈತಿ. ಅಲ್ಲಿ ಬೇಕಾಗಿದ್ದು ಜೋರ್ ಅಲ್ಲ, ವೇಗ. ಇದನ್ನ ನೆನಪಿಡ್ರಿ, ಸೈಕಲ್ ಬಂದಾಗ ಬೇಕಾಗತೈತಿ.

ಇನ್ನ ಗಾಣ. ಅಜ್ಜನ ಕಾಲದಾಗ ಕಬ್ಬಿನ ಗಾಣಕ್ಕ ಎತ್ತು ಕಟ್ಟತಿದ್ರು. ನಡುವ ನಿಂತ ಉರುಳಿ, ಅದರ ಮ್ಯಾಲ ಉದ್ದನ ಮರದ ತೊಲಿ, ತೊಲಿಯ ತುದಿಗಿ ಎತ್ತು. ಲೆಕ್ಕಕ್ಕ ತೊಲಿ 10 ಫೂಟು, ಉರುಳಿಯ ನಡುವಿನಿಂದ ಅಂಚಿಗೆ ಅರ್ಧ ಫೂಟು ಅಂತ ಇಟ್ಕೊಳ್ರಿ. ಎತ್ತು ಎಳೆಯೋ ಬಲ ಕಬ್ಬಿನ ಮ್ಯಾಲ 20 ಪಟ್ಟಾಗಿ ಬೀಳತೈತಿ (ತಿಕ್ಕಾಟದಾಗ ಹೋಗೋದು ಬ್ಯಾರೆ). ಹಂಗಂತ ಬಿಟ್ಟಿ ಸಿಕ್ಕಿಲ್ಲ. ಎತ್ತು ಒಂದು ಸುತ್ತಿಗಿ ಸುಮಾರು 63 ಫೂಟು ನಡೀಬೇಕು, ಅಷ್ಟರಾಗ ಉರುಳಿಯ ಅಂಚು ಸರಿಯೋದು ಮೂರು ಫೂಟು ಚಿಲ್ಲರ. ಬಲ 20 ಪಟ್ಟು ಜಮಾ, ದೂರ 20 ಪಟ್ಟು ಖರ್ಚು. ಡಬಲ್ ಎಂಟ್ರಿ. ನಮ್ಮ ಕ್ಲಾಸಿನವರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಿಲ್ಲ.

ಇಂಥಾದ್ದೇ ಸುತ್ತು ಹೊಡೆಯೋ ಪ್ರಾಣಿಯಿಂದಲೇ ಜಗತ್ತಿಗೆ "ಹಾರ್ಸ್‌ಪವರ್" ಬಂದದ್ದು. 1780ರ ದಶಕದಾಗ ಜೇಮ್ಸ್ ವ್ಯಾಟ್‌ಗೆ ತನ್ನ ಉಗಿ ಯಂತ್ರ ಎಷ್ಟು ಕುದುರಿಗಿ ಸಮ ಅಂತ ಗಿರಾಕಿಗೆ ಹೇಳಬೇಕಾಗಿತ್ತು. ಗಿರಣಿಯ ಕುದುರಿ 12 ಫೂಟು ತ್ರಿಜ್ಯದ ಸುತ್ತಿನಾಗ ತಾಸಿಗಿ 144 ಸುತ್ತು ಹೊಡೀತೈತಿ, 180 ಪೌಂಡ್ ಬಲದಿಂದ ಎಳೀತೈತಿ ಅಂತ ಲೆಕ್ಕ ಹಿಡಿದರು. ಗುಣಿಸಿದ್ರ ನಿಮಿಷಕ್ಕ 32,572 ಫೂಟ್-ಪೌಂಡ್ ಬರತೈತಿ. ಅದನ್ನ ದುಂಡಗ ಮಾಡಿ 33,000 ಅಂದರು. ಇವತ್ತಿಗೂ ಒಂದು ಎಚ್‌ಪಿ ಅಂದ್ರ ಅದೇ. ನಮ್ಮ ಬಾವಿಯ ಮೋಟರಿನ ಮ್ಯಾಲ "5 ಎಚ್‌ಪಿ" ಅಂತ ಇರೋದು ಎಂದೋ ಸತ್ತ ಇಂಗ್ಲೆಂಡಿನ ಗಿರಣಿ ಕುದುರಿಗಳ ಹೆಸರಿನ್ಯಾಗ.

4/9
ಇದು ಸಣ್ಣ ಪೋಸ್ಟ್. ಅಜ್ಜನಿಗೆ ಕೇಳಿದೆ, "ಎರಡು ಎತ್ತಿನಾಗ ಒಂದು ಗಟ್ಟಿ, ಒಂದು ಬಡಕಲ ಇದ್ರ ಏನ್ ಮಾಡ್ತಿದ್ರಿ?" ಅಜ್ಜ: "ನೊಗದ ನಡುವ ಕಟ್ಟೂ ಮಿಣಿ ಗಟ್ಟಿ ಎತ್ತಿನ ಕಡೆ ಸರಸ್ತಿದ್ವಿ. ಬಡಕಲ ಎತ್ತಿಗಿ ಉದ್ದ ಕೊಡಬೇಕಪಾ."

ಉದ್ದ ಕೊಡೋದು! ನೊಗ 5 ಫೂಟು ಇದ್ರ, ಗಟ್ಟಿ ಎತ್ತಿಗಿ 2 ಫೂಟು, ಬಡಕಲಿಗಿ 3 ಫೂಟು. ನೊಗ ಓರೆ ಆಗಬಾರ್ದು ಅಂದ್ರ ಎರಡೂ ಕಡೆ ಟಾರ್ಕ್ ಸಮ ಇರಬೇಕು. 60 × 2 = 120, 40 × 3 = 120. ಗಟ್ಟಿ ಎತ್ತು 60 ಎಳದ್ರ ಬಡಕಲ ಎತ್ತು 40 ಎಳದ್ರ ಸಾಕು, ಎರಡೂ ಸಾಲಾಗಿ ನಡೀತಾವ. ದೋಸ್ತರ, ಇದು 3:2 ಪ್ರಾಫಿಟ್ ಶೇರಿಂಗ್ ರೇಶಿಯೋ ಅಲ್ಲೇನು? ಪಾರ್ಟ್‌ನರ್‌ಶಿಪ್ ಅಕೌಂಟ್ಸ್‌ನಾಗ ಹದಿನಾರು ಮಾರ್ಕ್ಸಿನ ಲೆಕ್ಕ ಮಾಡೋ ನಾನು ಫಿಸಿಕ್ಸ್‌ನಾಗ ಇದೇ ಲೆಕ್ಕ ನೋಡಿ ಓಡಿ ಹೋಗಿದ್ದೆ.

ಅಜ್ಜ ಮೂರನೇ ಇಯತ್ತೆ ಕಲಿತವರು.

5/9
ಈಗ ಹುಡುಗನ ಕಥಿ.

ಸವದತ್ತಿ ಭಾಗದ ಗುರ್ಲಹೊಸೂರ. 1869ರ ಜೂನ್ 20ರಂದು ಅಲ್ಲಿ ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ ಹುಟ್ಟಿದರು. ಹೌದು, ಆ ಕಿರ್ಲೋಸ್ಕರನೇ. ಪಂಪ್‌ಸೆಟ್ ಮ್ಯಾಲ, ಡೀಸೆಲ್ ಎಂಜಿನ್ ಮ್ಯಾಲ, ಮೋಟರ್ ಮ್ಯಾಲ ಓದಿರೋ ಹೆಸರು. ನಾನು ಸಣ್ಣವನಿದ್ದಾಗ ಅದು ಯಾವುದೋ ಮುಂಬೈ ಕಡೆ ಕಂಪನಿ ಅಂದ್ಕೊಂಡಿದ್ದೆ. ಇದೇ ಊರಾಗ 1843ರಲ್ಲಿ ಇನ್ನೊಬ್ಬ ಕಿರ್ಲೋಸ್ಕರರೂ ಹುಟ್ಟಿದ್ದರು, ಬಳವಂತ ಪಾಂಡುರಂಗ ಉರ್ಫ್ ಅಣ್ಣಾಸಾಹೇಬ. ಮರಾಠಿ ಸಂಗೀತ ನಾಟಕಕ್ಕ ಬುನಾದಿ ಹಾಕಿದವರು ಅವರು. ಒಂದು ಊರಿಗಿ ಇಷ್ಟು ಸಾಕಾಗಿತ್ತು, ಆದ್ರ ಊರಿಗಿ ತನ್ನ ಲೆಕ್ಕ ತಾನ ಇಟ್ಟು ರೂಢಿ ಇರೂದಿಲ್ಲ ನೋಡ್ರಿ.

ಲಕ್ಷ್ಮಣರಾವ್‌ಗೆ ಓದಿನಾಗ ಮನಸ್ಸಿರಲಿಲ್ಲ. ಕೈ ಮಾತ್ರ ಸುಮ್ಮನ ಇರ್ತಿರಲಿಲ್ಲ: ಚಿತ್ರ ಬಿಡಿಸೋದು, ಯಂತ್ರ ಬಿಚ್ಚಿ ಜೋಡಿಸೋದು. 1885ರಲ್ಲಿ ಮುಂಬೈಯ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಸೇರಿದರು, ಚಿತ್ರಕಾರ ಆಗಬೇಕು ಅಂತ. ಅಲ್ಲಿ ಗೊತ್ತಾತು, ಕೆಲವು ಬಣ್ಣ ಅವರ ಕಣ್ಣಿಗೆ ಬೇರೆ ಬೇರೆ ಕಾಣೂದೇ ಇಲ್ಲ. ಭಾಗಶಃ ವರ್ಣಾಂಧತೆ. ಚಿತ್ರಕಾರನಿಗೆ ಇದು ಅಂದ್ರ ಮುಗೀತಲ್ಲ.

ಇಲ್ಲಿ ನಾನು ಸ್ವಲ್ಪ ಹೊತ್ತು ನಿಂತೆ. ನನಗ ಫಿಸಿಕ್ಸ್ ಹೋತು ಅಂದಾಗ ನಾನು ಇಡೀ ಸೈನ್ಸ್ ಬಿಟ್ಟೆ. ಅವರು ಬಣ್ಣ ಬಿಟ್ಟರು, ಗೆರೆ ಬಿಡ್ಲಿಲ್ಲ. ಮೆಕ್ಯಾನಿಕಲ್ ಡ್ರಾಯಿಂಗ್‌ಗೆ ಬಣ್ಣ ಬೇಕಾಗಿಲ್ಲ, ಅಳತಿ ಬೇಕು. ಅದನ್ನೇ ಕಲಿತು ಮುಂಬೈಯ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಾಗ, ಈಗ ವಿಜೆಟಿಐ ಅಂತೀವಲ್ಲ ಅಲ್ಲೇ, ಮಾಸ್ತರ ಆದರು. ಡಿಗ್ರಿ ಇಲ್ಲದ ಎಂಜಿನಿಯರ್. ಆಮೇಲೆ ಬಡ್ತಿ ತಮಗ ಸಿಗಲಿಲ್ಲ ಅಂತ ಆ ನೌಕರಿಯನ್ನೂ ಬಿಟ್ಟು ಬೆಳಗಾವಿಗೆ ಬಂದರು.

6/9
ಬೆಳಗಾವಿಗೆ ಬರೋ ಮೊದಲೇ ಅಲ್ಲಿ ಒಂದು ಅಂಗಡಿ ಸುರು ಆಗಿತ್ತು. 1888, ಅಣ್ಣ ರಾಮುಅಣ್ಣನ ಕೂಡ, ಸೈಕಲ್ ಅಂಗಡಿ. "ಕಿರ್ಲೋಸ್ಕರ್ ಬ್ರದರ್ಸ್" ಅನ್ನೋದರಾಗ ಬ್ರದರ್ಸ್ ಅಂದ್ರ ಈ ಇಬ್ಬರು. ಬೆಳಗಾವಿಯ ಕಿರ್ಲೋಸ್ಕರ್ ರೋಡಿನ್ಯಾಗ ದೀಪಾವಳಿ ಬಟ್ಟಿ ತಗೊಂಡವರು ನಮ್ಮ ಕ್ಲಾಸಿನ್ಯಾಗ ಅರ್ಧಕ್ಕರ್ಧ ಇದ್ದೀರಿ. ರೋಡಿಗಿ ಆ ಹೆಸರು ಯಾಕ ಅಂತ ಯಾವತ್ತಾದ್ರೂ ಕೇಳೀರೇನು? ನಾನೂ ಕೇಳಿರಲಿಲ್ಲ.

ಆಗ ಸೈಕಲ್ ಅಂದ್ರ ಇವತ್ತಿನ ಎಲೆಕ್ಟ್ರಿಕ್ ಕಾರ್ ಇದ್ದಂಗ. ಅದಕ್ಕೂ ಮೊದಲಿನ ಸೈಕಲ್ಲಿನ ಚಿತ್ರ ನೋಡೀರಲ್ಲ, ಮುಂದ ಆಳೆತ್ತರದ ಗಾಲಿ, ಹಿಂದ ತಟ್ಟೆಯಷ್ಟು ಸಣ್ಣದು? ಪೆಡಲ್ ನೇರವಾಗಿ ಮುಂದಿನ ಗಾಲಿಗೇ ಇರ್ತಿತ್ತು. ಒಂದು ಸಲ ತುಳದ್ರ ಒಂದು ಸುತ್ತು, ಅಷ್ಟೇ. ಜೋರಾಗಿ ಹೋಗಬೇಕಂದ್ರ ಗಾಲಿಯನ್ನೇ ದೊಡ್ಡದು ಮಾಡಬೇಕಾಗಿತ್ತು, ಬಿದ್ರ ಹಲ್ಲು ಉದುರ್ತಿದ್ವು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಮಾಡಿದ "ರೋವರ್" ಸೈಕಲ್ಲಿನಾಗ ಎರಡೂ ಗಾಲಿ ಹೆಚ್ಚೂಕಡಿಮಿ ಸಮ, ನಡುವ ಚೈನ್. 1888ರಲ್ಲಿ ಡನ್‌ಲಪ್ ಗಾಳಿ ತುಂಬೋ ಟೈರ್ ತಂದರು. ಬೆಳಗಾವಿ ಅಂಗಡಿ ಸುರು ಆಗಿದ್ದೂ ಅದೇ ವರ್ಷ!

ಅಜ್ಜನ ಹಳೇ ಸೈಕಲ್ಲಿನ ಹಲ್ಲು ಎಣಿಸಿದೆ. ಮುಂದ 44, ಹಿಂದ 18. ಒಂದು ಸಲ ಪೆಡಲ್ ಸುತ್ತಿದ್ರ ಹಿಂದಿನ ಗಾಲಿ 2.44 ಸುತ್ತು, 28 ಇಂಚಿನ ಗಾಲಿಗಿ ಸುಮಾರು ಐದೂವರೆ ಮೀಟರ್. ರಾಮದುರ್ಗದ ರಾಟಿ ನೆನಪಾತೇನು? ಆದ್ರ ಡಬಲ್ ಎಂಟ್ರಿ ಇಲ್ಲೂ ಬಿಡೂದಿಲ್ಲ. ನಾನು ಪೆಡಲ್ ಮ್ಯಾಲ 40 ಕೆಜಿ ಒತ್ತಿದ್ರ, ಹಿಂದಿನ ಗಾಲಿ ರೋಡನ್ನ ನೂಕೋದು ಬರೀ 8 ಕೆಜಿ ಬಲದಿಂದ. ಪೆಡಲ್ ಕಾಲು 17 ಸೆಂಟಿಮೀಟರ್, ಗಾಲಿಯ ತ್ರಿಜ್ಯ 35 ಸೆಂಟಿಮೀಟರ್, ನಡುವ ಹಲ್ಲಿನ ಭಾಗಾಕಾರ. ನೀವೇ ಮಾಡಿ ನೋಡ್ರಿ. ಬಯಲಿನ್ಯಾಗ 8 ಕೆಜಿ ಸಾಕು ಸಾಕು. ಎಲ್ಲಮ್ಮನ ಗುಡ್ಡ ಹತ್ತೂಮುಂದ ಸಾಲೂದಿಲ್ಲ, ಅದಕ್ಕ ಇಳದು ನೂಕೋದು. ನಾವು ಸೋತದ್ದು ದೇವಿಗಲ್ಲ, ರೇಶಿಯೋಕ್ಕ.

ಬೈಕ್ ಪ್ರೇಮಿಗಳಿಗೆ ಒಂದು ಮಾತು. ಸ್ಪ್ಲೆಂಡರ್‌ನ ಎಂಜಿನ್ ಟಾರ್ಕ್ 8.05 ನ್ಯೂಟನ್-ಮೀಟರ್, ಕ್ಲಾಸಿಕ್ 350ದು 27. ಮ್ಯಾಲ ಹೇಳಿದ ಪೆಡಲ್ ಒತ್ತಿದಾಗ ನಿಮ್ಮ ಕಾಲು ಕೊಡೋದು ಸುಮಾರು 67! ನಿಮ್ಮ ಕಾಲು ಬುಲೆಟ್‌ಗಿಂತ ದೊಡ್ಡದು. ಆದ್ರ ಸ್ಪ್ಲೆಂಡರ್ ಆ 8ನ್ನ ನಿಮಿಷಕ್ಕ 6000 ಸುತ್ತು ಕೊಡತೈತಿ. ನೀವು 60 ಸುತ್ತು ಹೊಡದು ಚಹಾ ಕುಡೀಲಿಕ್ಕೆ ನಿಲ್ತೀರಿ. ಟಾರ್ಕ್ ಬ್ಯಾರೆ, ಪವರ್ ಬ್ಯಾರೆ. ಟಾರ್ಕನ್ನ ವೇಗದಿಂದ ಗುಣಿಸಿದ್ರ ಪವರ್. ಇದನ್ನ ಕಮೆಂಟಿನ್ಯಾಗ ಜಗಳ ಆಡೋ ಎಲ್ಲಾರೂ ಸೇವ್ ಮಾಡ್ಕೊಳ್ರಿ.

7/9
ಸೈಕಲ್ ಮಾರೋದು ವ್ಯಾಪಾರ. ಲಕ್ಷ್ಮಣರಾವ್‌ಗೆ ಬೇಕಾಗಿದ್ದು ತಯಾರಿಕೆ. ಮೊದಲ ಮಾಡಿದ್ದು ಕಣಕಿ ಕೊಚ್ಚೋ ಮಷೀನ್. ನೀವು ನೋಡೇ ಇರ್ತೀರಿ, ದೊಡ್ಡ ಭಾರದ ಗಾಲಿ, ಅದಕ್ಕ ಕತ್ತಿ, ಅಂಚಿಗೆ ಹಿಡಿಕಿ. ಹಿಡಿಕಿ ಅಂಚಿಗೆ ಯಾಕ ಅಂತ ಈಗ ಕೇಳಬ್ಯಾಡ್ರಿ. ಗಾಲಿ ಭಾರ ಯಾಕ ಅಂದ್ರ, ಒಮ್ಮೆ ತಿರುಗಲಿಕ್ಕೆ ಹತ್ತಿದ್ರ ನಿಲ್ಲೂದಿಲ್ಲ. ಕತ್ತಿ ಕಣಕಿಗಿ ಬಡದಾಗ ತೋಳಿನ ಬದಲು ಗಾಲಿಯ ಓಟನೇ ಕೊಚ್ಚತೈತಿ.

ಆಮೇಲೆ 1903ರ ಸುಮಾರಿಗೆ ಕಬ್ಬಿಣದ ರಂಟಿ.

ಕಟ್ಟಿಗಿ ರಂಟಿ ಮಣ್ಣನ್ನ ಸೀಳತೈತಿ, ಮಗುಚೂದಿಲ್ಲ. ಕಬ್ಬಿಣದ ರಂಟಿಗಿ ಒಂದು ಬಾಗಿದ ರೆಕ್ಕಿ ಇರತೈತಿ. ಕುಳ ಕೊಯ್ದ ಮಣ್ಣಿನ ಪಟ್ಟಿ ಆ ರೆಕ್ಕಿ ಮ್ಯಾಲ ಹತ್ತಿ, ತಿರುಚಿ, ಅಂಗಾತ ಬೀಳತೈತಿ. ಭೂಮಿಯನ್ನೇ ತಿರುಗಿಸೋ ಟಾರ್ಕ್ ಅದು. ಎರಿ ಹೊಲದಾಗ ಆಳಕ್ಕ ಇಳದ ಕರಿಕಿ ಬೇರು ಇದ್ರಿಂದ ಮ್ಯಾಲ ಬಂದು ಬಿಸಲಿಗಿ ಒಣಗತೈತಿ.

ಆದ್ರ ಯಾರೂ ಕೊಳ್ಳಲಿಲ್ಲ. ಕಬ್ಬಿಣ ತಾಗಿದ್ರ ಭೂಮಿಗಿ ವಿಷ ಏರತೈತಿ, ಬೆಳಿ ಬರೂದಿಲ್ಲ ಅಂತ ರೈತರು ಹೆದರಿದರು. ಮೊದಲ ರಂಟಿ ಮಾರಲಿಕ್ಕೆ ಎರಡು ವರ್ಷ ಹಿಡೀತು. ಎರಡು ವರ್ಷ! ನಾವು ಇನ್ವೆಂಟರಿ ಟರ್ನೋವರ್ ರೇಶಿಯೋ ಅಂತ ಬರೀತೀವಲ್ಲ, ಅದು ಸೊನ್ನೆ. ಕಬ್ಬಿಣ ತಂದ ರೊಕ್ಕ ಮೂಲ್ಯಾಗ ತುಕ್ಕು ಹಿಡೀತಿತ್ತು.

ಈ ಕಥಿ ಎಲ್ಲಿ ಓದಿದ್ರೂ "ಮೂಢನಂಬಿಕೆಯ ರೈತರು" ಅಂತ ಬರೀತಾರ. ನಾನು ಒಪ್ಪೂದಿಲ್ಲ. ಅಜ್ಜನಿಗೆ ಕೇಳಿದ್ರ ಬೇರೆ ಲೆಕ್ಕ ಸಿಗತೈತಿ. ಆಳಕ್ಕ ಇಳಿದು ಮಣ್ಣು ಮಗುಚೋ ರಂಟಿಗಿ ಎಳೆಯೋ ಬಲ ಹೆಚ್ಚು ಬೇಕು, ಒಂದು ಜೋಡಿ ಎತ್ತಿಗಿ ಬಗ್ಗೂದಿಲ್ಲ, ಎರಡೋ ಮೂರೋ ಜೋಡಿ ಬೇಕು. ಅವು ಯಾರ ಮನ್ಯಾಗ ಇದ್ವು? ಕಟ್ಟಿಗಿ ರಂಟಿ ಮುರದ್ರ ಊರ ಬಡಿಗ್ಯಾರ ಸಂಜೀಕ ಮಾಡಿ ಕೊಡ್ತಿದ್ದ, ಆಯ ಅಂತ ಸುಗ್ಗಿಗೆ ಜ್ವಾಳ ಕೊಟ್ರ ಮುಗೀತು. ಎರಕದ ಕುಳ ಸೀಳಿದ್ರ ಬೆಳಗಾವಿಗೆ ಹೋಗಬೇಕು, ರೋಖ ರೊಕ್ಕ ಕೊಡಬೇಕು. ಒಂದು ಹಂಗಾಮು ತಪ್ಪಿದ್ರ ಮನಿ ಹೊಟ್ಟಿ ಖಾಲಿ. ಅಂಥಾ ರೈತ ಹೊಸ ಸಾಮಾನಿಗೆ "ವಿಷ" ಅಂದ್ರ ಅದು ದಡ್ಡತನ ಅಲ್ಲ, ರಿಸ್ಕ್ ಮ್ಯಾನೇಜ್‌ಮೆಂಟ್. ಲಕ್ಷ್ಮಣರಾವ್ ದೊಡ್ಡವರಾಗಿದ್ದು ರೈತರನ್ನ ಬೈದು ಅಲ್ಲ, ಎರಡು ವರ್ಷ ಕಾದು.

8/9
ರಂಟಿ ಮಾರಾಟ ಸುರು ಆಗೋ ಹೊತ್ತಿಗಿ ಜಾಗ ಹೋತು. ಊರು ಬೆಳೀತಿತ್ತು, ವರ್ಕ್‌ಶಾಪ್ ಇದ್ದ ಜಾಗ ಬೆಳಗಾವಿ ಮುನ್ಸಿಪಾಲಿಟಿಗೆ ಬೇಕಾಗಿತ್ತು, ತೆರವು ಮಾಡಬೇಕಾತು. ಲೇಥ್, ಎರಕದ ಒಲಿ, ಕೆಲಸಗಾರರು, ಎಲ್ಲಾ ಇದ್ದು ನೆಲ ಇಲ್ಲ.

ಆಗ ಔಂಧ ಸಂಸ್ಥಾನದ ರಾಜ, ಬಾಳಾಸಾಹೇಬ ಪಂತ ಪ್ರತಿನಿಧಿ, ಕರೆದರು. ಅವರು ಸ್ವತಃ ಚಿತ್ರಕಾರರು, ಸೂರ್ಯನಮಸ್ಕಾರ ಪ್ರಚಾರ ಮಾಡಿದ ರಾಜ ಅಂತ ಹೆಸರಾದವರು. ಸಾಲ ಕೊಟ್ಟರು, ಕುಂಡಲ್ ರೋಡ್ ರೈಲು ಸ್ಟೇಷನ್ ಹತ್ತಿರ 32 ಎಕರೆ ಬರಡು ಜಾಗ ಕೊಟ್ಟರು. ಕಳ್ಳಿ, ಹಾವು ತುಂಬಿದ್ದ ಜಾಗ. 1910ರಲ್ಲಿ ಮೆಷಿನು, ಮನಿ ಮಂದಿ, ಕೆಲಸಗಾರರು ಅಲ್ಲಿಗೆ ಹೋದರು. ಅದೇ ಕಿರ್ಲೋಸ್ಕರವಾಡಿ, ಈಗ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆ. ಕಾರ್ಖಾನೆ ಸುತ್ತ ಊರು ಬೆಳೀತು. 1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಕಂಪನಿ ಆತು. ಅದೇ ದಶಕದಾಗ ಪಂಪು ಬಂದ್ವು.

ಪಂಪೂ ತಿರುಗೋದೇ. ಒಳಗ ಒಂದು ರೆಕ್ಕಿಯ ಚಕ್ರ, ನೀರನ್ನ ನಡುವಿನಿಂದ ಅಂಚಿಗೆ ಬೀಸಿ ಒಗೀತೈತಿ. ಆ ಚಕ್ರ ತಿರುಗಿಸಲಿಕ್ಕೆ ಟಾರ್ಕ್ ಬೇಕು, ಅದನ್ನ ಮೊದಲ ಎಂಜಿನ್, ಆಮೇಲೆ ಮೋಟರ್ ಕೊಟ್ವು. ನಮ್ಮ ಬಾವಿಯ ಮ್ಯಾಲ ಎತ್ತು ಹಿಂದ ಮುಂದ ನಡದು ಚರ್ಮದ ಚೀಲದಾಗ ನೀರು ಎತ್ತೋದನ್ನ ನಿಲ್ಲಿಸಿದ್ದು ಇದು.

ಹೋದವರು ಕರ್ನಾಟಕಕ್ಕ ಬ್ಯಾರೆ ದಾರಿಯಿಂದ ಬಂದರು. 1941ರಲ್ಲಿ ಹರಿಹರದಾಗ ಮೈಸೂರು ಕಿರ್ಲೋಸ್ಕರ್, ಲೇಥ್ ಮಾಡೋ ಕಾರ್ಖಾನೆ. 1946ರಲ್ಲಿ ಬೆಂಗಳೂರಿನ್ಯಾಗ ಕಿರ್ಲೋಸ್ಕರ್ ಎಲೆಕ್ಟ್ರಿಕ್, ಮೋಟರ್ ಮಾಡೋದು. ಹರಿಹರದ್ದು ಈಗ ಮುಚ್ಚೈತಿ. ಲಕ್ಷ್ಮಣರಾವ್ 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು.

ಅವರ ಮನೀ ಮಾತು ಮರಾಠಿ. ಅದಕ್ಕ ಅವರನ್ನ ನಾವು ಬಿಟ್ಟೀವಿ ಅಂತ ಕೆಲವರು ಹೇಳ್ತಾರ, ಅವರೇ ನಮ್ಮನ್ನ ಬಿಟ್ಟು ಹೋದರು ಅಂತ ಕೆಲವರು. ಕಮೆಂಟಿನ್ಯಾಗ ಬೆಂಕಿ ಹಚ್ಚೂದು ಬ್ಯಾಡ. ನನ್ನ ಹೊಟ್ಟಿಯಾಗಿನ ಉರಿ ಬ್ಯಾರೆ. ನಮ್ಮ ಕ್ಲಾಸಿನ್ಯಾಗ ಡಿಗ್ರಿ ಮುಗಿದ ಮ್ಯಾಲ ಏನ್ ಮಾಡ್ತೀ ಅಂದ್ರ ಎಲ್ಲಾರೂ ಬೆಂಗಳೂರ, ಪುಣೆ ಅಂತೀವಿ. ಗುರ್ಲಹೊಸೂರಿನವರಿಗೆ ಆಗ ಒಂದು ತುಂಡು ನೆಲ ಬೆಳಗಾವಿಯಾಗ ಉಳದಿದ್ರ ಇವತ್ತು ಬೈಲಹೊಂಗಲದ ಬಸ್ ಸ್ಟ್ಯಾಂಡಿನಿಂದ ಬೆಳಿಗ್ಗೆ ಎಷ್ಟು ಮಂದಿ ಡಬ್ಬಿ ಹಿಡ್ಕೊಂಡು ಅಲ್ಲೇ ಕೆಲಸಕ್ಕ ಹೋಗಿ ಸಂಜೀಕ ಮನೀಗೆ ಬರ್ತಿದ್ರು ಅಂತ ಲೆಕ್ಕ ಹಾಕ್ತೀನಿ. ಲೆಕ್ಕ ಮುಗಿಯೂದಿಲ್ಲ.

9/9
ಹಿತ್ತಲದ ರಂಟಿ. ಹತ್ತಿಪ್ಪತ್ತು ವರ್ಷದಿಂದ ಬಿದ್ದೈತಿ. ಮೋಡಕಾದವ ಬಂದಿದ್ದ, ಕೆಜಿ ಲೆಕ್ಕದಾಗ ಕೇಳಿದ. ತಂಗಿ ಫೀಸಿಗೆ ಅಪ್ಪಗ ರೊಕ್ಕ ಬೇಕಾಗಿತ್ತು, ಕೊಡೂದು ಅಂತ ಆಗಿತ್ತು. ನಾನು ಒಂದು ವಾರ ತಡೀರಿ ಅಂದೆ.

ನಿನ್ನೆ ತಂಗಿಯನ್ನ ಕರ್ಕೊಂಡು ಹೋದೆ. ಮೊದಲ ಸಾರಿ ಕೇಳಿದೆ, ಆವತ್ತು ಹಂಗ ಅಂದದ್ದಕ್ಕ. ಆಕಿ "ಆತು ಬಿಡೋ" ಅಂದಳು, ಆದ್ರ ಮುಖ ಆಗಿಲ್ಲ ಅಂತಿತ್ತು. ಇಬ್ಬರೂ ಕೂತು ತಂತಿ ಬ್ರಶ್‌ನಿಂದ ತುಕ್ಕು ತಿಕ್ಕಿದಿವಿ. ಎರಕದಾಗ ಅಕ್ಷರ ಇದ್ದಂಗ ಇತ್ತು, ಓದಲಿಕ್ಕೆ ಬರ್ಲಿಲ್ಲ, ಸವದು ಹೋಗಿತ್ತು. ಕಿರ್ಲೋಸ್ಕರದ್ದೇ ಅಂತ ಹೇಳೋ ಆಸೆ ನನಗೂ ಇತ್ತು, ಹೇಳಂಗಿಲ್ಲ.

ಆಕಿಗಿ ಕಂಡದ್ದು ಬ್ಯಾರೆ. ಮುಂದಿನ ತುದಿಗಿ, ಎಳೆಯೋ ಸರಪಳಿ ಸಿಗಿಸೋ ಜಾಗದಾಗ, ಒಂದರ ಮ್ಯಾಲ ಒಂದು ಐದು ತೂತು. "ಇಷ್ಟ್ಯಾಕೋ?" ಅಂದಳು. ನನಗ ಗೊತ್ತಿರಲಿಲ್ಲ. ಅಜ್ಜನ್ನ ಕೇಳಿದಿವಿ.

ಅಜ್ಜ ಕುರ್ಚಿಯಾಗ ಕೂತೇ ಹೇಳಿದರು: "ಮ್ಯಾಲಿನ ತೂತಿಗಿ ಹಾಕಿದ್ರ ರಂಟಿ ಮೂತಿ ಕೆಳಗ ಮಾಡ್ತದ, ಆಳಕ್ಕ ಹೋಗ್ತದ. ಕೆಳಗಿಂದಕ್ಕ ಹಾಕಿದ್ರ ಮ್ಯಾಲ ಏಳ್ತದ. ಎತ್ತು ಎತ್ತರ ಇದ್ವು ಅಂದ್ರ ಮೂತಿ ಎತ್ತಲಿಕ್ಕೆ ನೋಡ್ತಾವ, ಅದಕ್ಕ ಒಂದು ತೂತು ಮ್ಯಾಲ ಹಾಕಬೇಕು."

ತಂಗಿ ಸ್ವಲ್ಪ ಹೊತ್ತು ಸುಮ್ಮನ ನಿಂತಳು. ಆಮೇಲೆ ಒಳಗ ಹೋಗಿ ವಹಿ ತಂದಳು. ರಂಟಿ ಬಿಡಿಸಿದಳು, ಮಣ್ಣು ತಡೆಯೋ ಜಾಗದಾಗ ಒಂದು ಚುಕ್ಕಿ, ನೊಗದ ಹತ್ತಿರ ಒಂದು ಚುಕ್ಕಿ, ನಡುವ ಒಂದು ಗೆರಿ ಎಳದಳು. "ಎಳೆಯೋ ಗೆರಿ ಆ ಚುಕ್ಕಿಯೊಳಗ ಹಾಯ್ದು ಹೋದ್ರ ದೂರ ಸೊನ್ನೆ, ಟಾರ್ಕೂ ಸೊನ್ನೆ, ರಂಟಿ ಸೀದಾ ಹೋಗತೈತಿ. ಗೆರಿ ಮ್ಯಾಲ ಸರದ್ರ ಮೂತಿ ಕೆಳಗ ತಿರುಗತೈತಿ. ಹೌದಲ್ಲೋ?" ಅಂದಳು. ನನ್ನನ್ನ ಕೇಳಿದ್ದಲ್ಲ, ಅಜ್ಜನ್ನ ಕೇಳಿದ್ದು. ಅಜ್ಜ ವಹಿ ನೋಡ್ಲಿಲ್ಲ, ಕಣ್ಣು ಸರಿ ಕಾಣೂದಿಲ್ಲ ಅವರಿಗಿ. "ಹೌದು, ಹಂಗ" ಅಂದರು.

ಐದು ತೂತಿನಾಗ ಮೂರನೇದು ಉಳಿದವುಕ್ಕಿಂತ ಅಗಲ ಸವದೈತಿ. ಸ್ವೈಪ್ ಮಾಡಿದ್ರ ಕಡೀ ಫೋಟೋ ಅದ.

ಮೋಡಕಾದವ ನಾಳೆ ಬರ್ತಾನ. ಅಪ್ಪ ಇನ್ನೂ ಏನೂ ಹೇಳಿಲ್ಲ.

#ಗುರ್ಲಹೊಸೂರ #ಸವದತ್ತಿ #ಬೈಲಹೊಂಗಲ #ಕಿತ್ತೂರ #ರಾಮದುರ್ಗ #ನಮ್ಮಭಾಗದಇತಿಹಾಸ